ಯೋಧರ ನೆನಪುಗಳು ದಾಖಲಾಗಲಿ

ಮಾನ್ಯ ಸಂಪಾದಕರೇ,

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಿಂದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಹಿಂತಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಅವರು ಎದುರಿಸಿ ಉರುಳಿಸಿದ್ದರೆಂಬ ಸಂಗತಿ ವರ್ಷಗಟ್ಟಲೆ ಇಲ್ಲಿ ಯಾರಿಗೂ ತಿಳಿಯದೆ ಉಳಿದು, ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಮೇಲಷ್ಟೇ ಬೆಳಕಿಗೆ ಬಂದಿತು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ.

ಅಧಿಕಾರಿಯೊಬ್ಬರ ಸಾಹಸವೇ ಹೀಗೆ ಮರೆಯಾಗಿದ್ದರೆ, ಸಾಮಾನ್ಯ ಜವಾನರು, ಸೇನೆಯ ವಾಹನ ಚಾಲಕರು, ಅಡುಗೆಯವರು, ಗಾಯಾಳುಗಳನ್ನು ಹೊತ್ತು ತಂದವರ ಅನುಭವಗಳ ಗತಿಯೇನು? 1971ರ ಯುದ್ಧದಲ್ಲಿ ಹೋರಾಡಿದವರಿಗೆ ಈಗ ಎಪ್ಪತ್ತು ದಾಟಿದೆ. 1962ರವರಲ್ಲಿ ಉಳಿದಿರುವವರು ಎಂಬತ್ತರ ಆಚೆಗಿದ್ದಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ವಸ್ತುಸಂಗ್ರಹಾಲಯವಾಗಿರುವುದು ಸಂತೋಷವೇ, ಆದರೆ ಹವಾಲ್ದಾರರ ಮನೆಯ ಟ್ರಂಕಿನಲ್ಲಿರುವ ಕಾಗದಪತ್ರಗಳನ್ನು ಕೇಳುವವರಿಲ್ಲ.

ಸೈನಿಕ ಕಲ್ಯಾಣ ಇಲಾಖೆಯ ಬಳಿ ಮಾಜಿ ಸೈನಿಕರ ವಿವರಗಳು ಹೇಗೂ ಇರುತ್ತವೆ. ಇಲಾಖೆಯು ಆಯಾ ಜಿಲ್ಲೆಯ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳೊಡನೆ ಸೇರಿ, ಮಾಜಿ ಸೈನಿಕರ ಒಪ್ಪಿಗೆ ಪಡೆದು, ಅವರವರ ಮಾತಿನಲ್ಲೇ — ಕೊಡವ, ತುಳು, ಉರ್ದು ಯಾವುದಾದರೂ ಸರಿ — ನೆನಪುಗಳನ್ನು ಧ್ವನಿಮುದ್ರಿಸಿ, ಪತ್ರ ಮತ್ತು ಛಾಯಾಚಿತ್ರಗಳ ಪ್ರತಿಗಳನ್ನು ರಾಜ್ಯ ಪತ್ರಾಗಾರದಲ್ಲಿ ಇರಿಸಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ವಿದ್ಯಾರ್ಥಿಗಳ ಮೊಬೈಲ್ ಫೋನುಗಳೇ ಸಾಕು. ಎಂಬತ್ತು ದಾಟಿದವರಿಂದಲೇ ಈ ಕೆಲಸ ಆರಂಭವಾಗಲಿ.

— ಓದುಗ, ಮಡಿಕೇರಿ