ಮಗಳಿಗೊಂದು ಪತ್ರ: ವಿಜಯನ್ ಬಿಟ್ಟ ಕೆಲಸ

ಕೌಲ್ ಬಜಾರ್, ಬಳ್ಳಾರಿ
ಶುಕ್ರವಾರ ರಾತ್ರಿ

ಅವ್ವಿ,

ಬೆಂಗಳೂರು ಮುಟ್ಟಿದೆ ಅಂತ ನಿಮ್ಮವ್ವನ ಫೋನಿಗೆ ಮೆಸೇಜ್ ಹಾಕಿದ್ದೀಯಂತೆ. ಇರಲಿ. ಹಂಪಿ ಎಕ್ಸ್‌ಪ್ರೆಸ್ ಹತ್ತಿಸೋಕೆ ನಾನು ಸ್ಟೇಷನ್ನಿಗೆ ಬರಲಿಲ್ಲ ಅನ್ನೋ ಸಿಟ್ಟು ನಿನಗಿದೆ, ಇರಬೇಕಾದ್ದೇ. ನೀನು ಕ್ಲಬ್ಬಿಗೆ ಫುಟ್‌ಬಾಲ್ ಆಡೋಕೆ ಹೋಗ್ತೀನಿ ಅಂದೆ, ನಾನು ಪೊಲೀಸ್ ಕೆಲಸ ನೋಡು ಅಂದೆ; ಆ ರಾತ್ರಿ ಊಟಕ್ಕೆ ಕೂತಾಗ ಆದ ಮಾತೆಲ್ಲ ಮತ್ತೆ ಕೆದಕೋದಿಲ್ಲ, ಇಬ್ಬರಿಗೂ ನೆನಪಿದೆ. ಈ ಕಾಗದ ಬರೀತಿರೋದು ನೀನು ಬಾಗಿಲಲ್ಲಿ ನಿಂತು ಫುಟ್‌ಬಾಲ್ ಆಟಗಾರ ವಿಜಯನ್ ಬಗ್ಗೆ ಕೊನೆಗೆ ಅಂದ ಒಂದು ಮಾತಿಗೆ: "ಅಪ್ಪಾ, ಅವ್ರು ಪೊಲೀಸ್ ಕೆಲ್ಸ ಬಿಟ್ಟಿದ್ದಕ್ಕ ವಿಜಯನ್ ಆದ್ರು. ಹಿಡ್ಕಂಡು ಕುಂತಿದ್ದಕ್ಕಲ್ಲ."

ಆಗ ಉತ್ತರ ಹೊಳೀಲಿಲ್ಲ. ಈಗ ಹೊಳೆದಿದೆ, ಕೇಳು.

ಐ.ಎಂ. ವಿಜಯನ್ ತ್ರಿಶ್ಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರಿದ ಕತೆ ಬಿಡು, ಚಿಕ್ಕಂದಿನಿಂದ ಕೇಳಿ ಕೇಳಿ ನಿನಗೆ ಬಾಯಿಪಾಠ. 1999ರ ಸ್ಯಾಫ್ (ದಕ್ಷಿಣ ಏಷ್ಯಾ) ಕ್ರೀಡಾಕೂಟದಲ್ಲಿ ಭೂತಾನ್ ಮೇಲೆ 12ನೇ ಸೆಕೆಂಡಿಗೇ ಹೊಡೆದ ಗೋಲೂ ಬೇಡ. 1987ರಲ್ಲಿ ಕೇರಳ ಪೊಲೀಸ್‌ನವರು ಆತನನ್ನ ಕಾನ್‌ಸ್ಟೇಬಲ್ ಮಾಡಿ ತಗೊಂಡರು. ವಿ.ಪಿ. ಸತ್ಯನ್, ಪಾಪಚ್ಚನ್ ಎಲ್ಲ ಇದ್ದ ಆ ಟೀಮು 1990ರಲ್ಲಿ ಫೆಡರೇಷನ್ ಕಪ್ ಗೆದ್ದಿತು, 1991ರಲ್ಲಿ ಮತ್ತೆ ಗೆದ್ದಿತು. ಆಮೇಲೆ ಆತ ಕೋಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್ಬಿಗೆ ಹೋದದ್ದು. ನಿನ್ನ ಮಾತು ಸುಳ್ಳಲ್ಲ, ಕೋಲ್ಕತ್ತಾಕ್ಕೆ ಹೋಗಿದ್ದಕ್ಕೇ ದೇಶ ಕಣ್ಣೆತ್ತಿ ನೋಡಿತು. ಮೂರು ಸಲ ವರ್ಷದ ಆಟಗಾರ, 2003ರಲ್ಲಿ ಅರ್ಜುನ ಪ್ರಶಸ್ತಿ. ಒಪ್ಪಿದೆ.

ಆದರೆ ಆತ ಆಡಿದ ಟೀಮುಗಳ ಗತಿ ನೋಡು. ಜೆಸಿಟಿ ಅಂದ್ರೆ ಪಂಜಾಬಿನ ಫಗ್ವಾರಾದ ಬಟ್ಟೆ ಮಿಲ್ಲಿನವರ ಟೀಮು. 1996-97ರಲ್ಲಿ ಮೊಟ್ಟಮೊದಲ ನ್ಯಾಷನಲ್ ಲೀಗ್ ಗೆದ್ದಾಗ ವಿಜಯನ್, ಬೈಚುಂಗ್ ಭುಟಿಯಾ ಇಬ್ಬರೂ ಅದರಲ್ಲೇ ಇದ್ದರು. ಅಂಥಾ ಟೀಮನ್ನ 2011ರಲ್ಲಿ ಮುಚ್ಚಿಬಿಟ್ಟರು. ಆಮೇಲೆ ಎಫ್‌ಸಿ ಕೊಚ್ಚಿನ್. 1997ರಲ್ಲಿ ಡುರಾಂಡ್ ಕಪ್ ಗೆದ್ದು ಮೆರೆದ ಕ್ಲಬ್ಬು, ಕೆಲವೇ ವರ್ಷದಲ್ಲಿ ಅದರ ಹೆಸರೂ ಇಲ್ಲ. ಆಡೋದು ಮುಗಿದ ಮೇಲೆ ಆತ ವಾಪಸ್ ಹೋಗಿ ಹಾಕ್ಕೊಂಡಿದ್ದು ಅದೇ ಖಾಕಿ. 2025ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಏಪ್ರಿಲ್‌ನಲ್ಲಿ ಡೆಪ್ಯುಟಿ ಕಮಾಂಡೆಂಟ್ ಆಗಿ ರಿಟೈರ್ ಆದರು. ಬಿಟ್ಟ ಕೆಲಸವೇ ಕೊನೆಗೆ ಕೈ ಹಿಡೀತು. ಇದನ್ನ ನೀನು ಹೇಳಲಿಲ್ಲ.

ಮಿಲ್ಲು ಮುಚ್ಚೋದು ಅಂದ್ರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆಗ ನೀನು ಭಾಳ ಸಣ್ಣವಳು. ನಾನು ಕಟಿಂಗ್ ಮಾಸ್ತರ್ ಆಗಿದ್ದ ಜೀನ್ಸ್ ಯುನಿಟ್ಟಿಗೆ ಸೋಮವಾರ ಬೆಳಿಗ್ಗೆ ಹೋದರೆ ಶಟರ್ ಕೆಳಗೆ. ಶನಿವಾರ ಹಾಸಿಟ್ಟು ಬಂದ ಬಟ್ಟೆ ಟೇಬಲ್ ಮೇಲೇ, ನನ್ನ ಕತ್ತರಿ ಒಳಗೇ. ಬಾಕಿ ಪಗಾರ ಕೇಳೋಕೆ ಓನರ್‌ಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಮಧ್ಯಾಹ್ನದ ತನಕ ಟೇಲರ್‌ಗಳೆಲ್ಲ ಬಿಸಿಲಲ್ಲಿ ನಿಂತಿದ್ವಿ, ನಮ್ಮೂರ ಬಿಸಿಲು ಗೊತ್ತಲ್ಲ. ಒಬ್ಬನೂ ಮನೆಗೆ ಹೋಗಲಿಲ್ಲ, ಹೋಗಿ ಏನಂತ ಹೇಳೋದು? ನಾನು ಸಂಜೆ ಹೊತ್ತಿಗೇ ಮನೆಗೆ ಬಂದೆ, ಡ್ಯೂಟಿ ಮುಗಿಸಿ ಬಂದವನ ಹಂಗೆ. ಮರುದಿನಾನೂ ಟಿಫಿನ್ ಡಬ್ಬಿ ಹಿಡ್ಕೊಂಡು ಹೋಗಿ ಅದೇ ಶಟರ್ ಮುಂದೆ ನಿಂತೆ. ಅದರ ಬೀಗ ಈಗಲೂ ಕಣ್ಣಿಗೆ ಕಟ್ಟಿದಂಗಿದೆ, ಹೊಸಾ ಬೀಗ, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ.

ಸಾಕು, ಮತ್ತೆ ಅಲ್ಲಿಗೇ ಹೋದೆ. ನಿಮ್ಮವ್ವ ಓದಿದರೆ ಬೈತಾಳೆ.

ನೀನು ಗೋಲ್‌ಕೀಪರ್ ಆಗಿದ್ದಿದ್ದರೆ ಇಷ್ಟು ಹೇಳ್ತಿರಲಿಲ್ಲ. ಮುಂದೆ ನಿಂತು ಗೋಲು ಹೊಡೆಯೋ ಫಾರ್ವರ್ಡ್ ಆಟಗಾರರ ಹೊಟ್ಟೆಪಾಡು ನಡೆಯೋದು ಮೊದಲ ಎರಡು ಹೆಜ್ಜೆಯ ವೇಗದ ಮೇಲೆ. ಅದು ಹೋದ ದಿನ ಬೆಂಚು. ಮಣಿಪುರದ ಫುಟ್‌ಬಾಲ್ ಆಟಗಾರ್ತಿ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದಾಗ ಟಿವಿ ಮುಂದೆ ನೀನು ಕುಣಿದದ್ದು ನೆನಪಿದೆ. ಆಮೇಲೆ ಆಕೆಯ ಮೊಣಕಾಲು ಕೈಕೊಟ್ಟಿತು. ಆಕೆಗೆ ಮಣಿಪುರ ಪೊಲೀಸ್ ಕೆಲಸ ಇತ್ತು, ನಿನಗೇನಿದೆ? ಮೊಣಕಾಲೊಳಗಿನ ಎಸಿಎಲ್ ಅನ್ನೋ ನಾರು ಹರಿದರೆ ಎಂಟೊಂಬತ್ತು ತಿಂಗಳು ಗ್ರೌಂಡ್ ಕಡೆ ತಲೆ ಹಾಕೋ ಹಂಗಿಲ್ಲ. ಆಪರೇಷನ್ ಖರ್ಚು ಯಾರದ್ದು, ಆ ತಿಂಗಳುಗಳ ಸಂಬಳ ಕೊಡ್ತಾರೋ ಇಲ್ಲವೋ, ಕರಾರು ಸೀಸನ್ನಿಗಷ್ಟೇನೋ ವರ್ಷಪೂರ್ತಿನೋ, ಸಹಿ ಹಾಕೋ ಮುಂಚೆ ಕೇಳು. ಬಾಯಲ್ಲಿ ಹೇಳಿದರೆ ಒಪ್ಪಬೇಡ, ಕಾಗದದಲ್ಲಿ ತೋರಿಸು ಅನ್ನು. ನಾಚಿಕೆ ಪಟ್ಕೋಬೇಡ. ಕೇಳಿದ್ದಕ್ಕೆ ಟೀಮಿನಿಂದ ತೆಗೆಯೋ ಕ್ಲಬ್ಬಾದರೆ ಅಲ್ಲಿರೋದೇ ಬೇಡ.

ನೋಡು, ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ.

ಈ ಪಾರ್ಸಲ್‌ನಲ್ಲಿ ನಿನ್ನ ಹಳೇ ಬೂಟಿದೆ. ಎಡಗಾಲಿಂದು ಬೆರಳ ಹತ್ತಿರ ಬಾಯಿ ಬಿಟ್ಟಿತ್ತು, ಜೀನ್ಸ್‌ಗೆ ಹಾಕೋ ಹಳದಿ ದಾರದಲ್ಲೇ ಎರಡೆಳೆ ಹಾಕಿ ಹೊಲಿದಿದ್ದೀನಿ. ಮಷಿನ್ ಸೂಜಿ ಮುರೀತು, ಕೊನೆಗೆ ಕೈಯಲ್ಲೇ ಹೊಲಿದೆ. ಸ್ಟಡ್ ಸಂದಿಯ ಕೆಮ್ಮಣ್ಣು ಎಷ್ಟು ಕೆರೆದರೂ ಹೋಗಲಿಲ್ಲ. ಮ್ಯಾಚಿಗೆ ಹೊಸದು ಹಾಕು, ಇದು ಪ್ರಾಕ್ಟೀಸಿಗೆ ನಡೀತದೆ. ಶೇಂಗಾ ಚಟ್ನಿಪುಡಿ, ಕಟಿ ರೊಟ್ಟಿ ನಿಮ್ಮವ್ವ ಕಟ್ಟಿದ್ದು. ಮುನ್ಸಿಪಲ್ ಮೈದಾನದ ಹುಡುಗರು ಸಿಕ್ಕಿದ್ದರು. ಹುಡುಗೀರಿಗ್ಯಾಕೆ ಗ್ರೌಂಡು ಅಂತಿದ್ದನಲ್ಲ ಅವರಲ್ಲೊಬ್ಬ, ಅವನೇ, "ಅಣ್ಣಾ, ನಿಮ್ಮ ಮಗಳ ಮ್ಯಾಚ್ ಮೊಬೈಲಲ್ಲಿ ಬರ್ತತೇನು?" ಅಂದ. ಬರ್ತತೆ ಅಂದೆ. ಬರ್ತತೋ ಇಲ್ಲವೋ ನೀನು ಕೇಳಿ ಹೇಳು, ಇಲ್ಲಾಂದ್ರೆ ನನ್ನ ಮಾನ ಹೋಗ್ತದೆ.

ಇನ್ನೊಂದು. ನಿನ್ನ ಸ್ಟೇಟ್ ಲೆವೆಲ್ ಸರ್ಟಿಫಿಕೇಟುಗಳದ್ದೆಲ್ಲ ಜೆರಾಕ್ಸ್ ಮಾಡಿಸಿಟ್ಟಿದ್ದೀನಿ. ಪೊಲೀಸ್ ನೇಮಕಾತಿ ಕರೆದ ಕೂಡಲೇ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಿಸ್ತೀನಿ. ಹಾಕಿದ ಮಾತ್ರಕ್ಕೆ ಸೇರಲೇಬೇಕು ಅಂತೇನಿಲ್ಲ. ಆದರೆ ಸೈಬರ್ ಹುಡುಗ ಹೇಳಿದ, ಒಟಿಪಿ ನಿನ್ನ ಫೋನಿಗೇ ಬರೋದಂತೆ, ಸ್ವಲ್ಪ ಹೊತ್ತಷ್ಟೇ ಇರೋದಂತೆ. ನಿನ್ನ ಪ್ರಾಕ್ಟೀಸ್ ಎಷ್ಟು ಹೊತ್ತಿಗೆ ಮುಗೀತದೆ ಅಂತ ಮೊದಲೇ ತಿಳಿಸು, ಆ ಟೈಮಿಗೇ ಹೋಗ್ತೀನಿ.

ನಿಮ್ಮಪ್ಪ