ಕಟ್ಟಿಗೆ ಕೊಯ್ಯಲು ಚೈನ್ ಸಾ: ಸಿಸಿ ನೋಡಿ ಮೋಸಹೋಗದಿರಿ

ಮಾನ್ಯರೇ,

ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ನಮ್ಮ ಸಾಗರ, ಸೊರಬ, ಸಿದ್ದಾಪುರ ಸೀಮೆಯ ಮನೆಗಳಲ್ಲಿ ಕಟ್ಟಿಗೆಯ ಚಿಂತೆ ಶುರುವಾಗುತ್ತದೆ. ಕೆಂಪಡಿಕೆ ಮಾಡುವವರಿಗೆ ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಬೇಕು, ಬಚ್ಚಲ ಹಂಡೆಗೆ ವರ್ಷವಿಡೀ ಬೇಕು, ಮಳೆಗಾಲಕ್ಕಂತೂ ಮೇ ತಿಂಗಳೊಳಗೆ ಕೊಯ್ದು ಒಣಗಿಸಿ ಒಟ್ಟಿಡಲೇಬೇಕು. ಕೊಡಲಿ ಹಿಡಿಯುವ ಆಳು ಸಿಗದ ಈ ಕಾಲದಲ್ಲಿ ಎರಡು ಮೂರು ಎಕರೆಯ ಬೆಳೆಗಾರರೂ ಸ್ವಂತಕ್ಕೊಂದು ಚೈನ್ ಸಾ, ಎಂದರೆ ಯಂತ್ರದಿಂದ ಓಡುವ ಚೈನಿನ ಗರಗಸ, ಕೊಳ್ಳಲು ಹೊರಟಿರುವುದು ಸಹಜವೇ ಆಗಿದೆ. ಆದರೆ ನಮ್ಮ ಊರಿನಲ್ಲಿ ಈ ಬಗ್ಗೆ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಆರೇಳು ಸಾವಿರ ರೂಪಾಯಿಗೆ 58 ಸಿಸಿ ಎಂಜಿನ್ನಿನ ಯಂತ್ರ ಮನೆ ಬಾಗಿಲಿಗೆ ಬರುವಾಗ, ಅದರ ಎರಡು ಮೂರು ಪಟ್ಟು ಹಣ ಕೊಟ್ಟು 30 ಸಿಸಿಯದನ್ನು ಏಕೆ ತರಬೇಕು? ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕಂಡುಕೊಂಡು ದಂಡ ತೆತ್ತವನಾದ್ದರಿಂದ, ಕೈಯಲ್ಲಿ ಹೆಚ್ಚು ಹಣವಿಲ್ಲದೆ ಯಂತ್ರ ಕೊಳ್ಳಹೊರಟವರಿಗೆ ಉಪಯೋಗವಾಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಐದು ವರ್ಷಗಳ ಹಿಂದೆ ನಾನು ತಂದದ್ದು ಅಂಥದೇ ಅಗ್ಗದ ಯಂತ್ರ. ಬಾರ್, ಎಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ, 22 ಇಂಚಿನದು. ಮೊದಲ ವರ್ಷ ಕೆಲಸ ಚೆನ್ನಾಗಿಯೇ ನಡೆಯಿತು. ಎರಡನೆಯ ವರ್ಷ ಮಧ್ಯದಲ್ಲಿ ಚೈನಿಗೆ ಎಣ್ಣೆ ಹಾಯಿಸುವ ಪುಟ್ಟ ಪಂಪು ಕೈಕೊಟ್ಟಿತು. ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಒಣ ಚೈನು ಉಜ್ಜಿ ಬಾರಿನ ಅಂಚು ನೀಲಿಗಟ್ಟಿ ಸವೆದುಹೋಗಿತ್ತು. ಪಂಪು ಹುಡುಕಿಕೊಂಡು ಪೇಟೆಗೆ ಹೋದರೆ, ಮಾರಿದ ಅಂಗಡಿಯವರು ಆ ಮಾದರಿ ಈಗ ಬರುತ್ತಿಲ್ಲ ಎಂದು ಕೈ ಚೆಲ್ಲಿದರು. ಬೇರೆ ಯಾವುದೋ ಯಂತ್ರದ ಪಂಪನ್ನು ಹೊಂದಿಸಿ, ಹೊಸ ಬಾರು, ಹೊಸ ಚೈನು, ಆಮೇಲೆ ಕಾರ್ಬೊರೇಟರು ಎಂದು ಹಾಕಿದ ಹಣವನ್ನು ಲೆಕ್ಕ ಹಾಕಿದಾಗ ಅದು ಯಂತ್ರದ ಬೆಲೆಯನ್ನೇ ಮೀರಿತ್ತು. ಅಗ್ಗದ ಯಂತ್ರಗಳೆಲ್ಲ ಹೀಗೆಯೇ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲೇ ಒಬ್ಬರ ಬಳಿ ಅಂಥದೊಂದು ನಾಲ್ಕು ವರ್ಷ ನಿರಾತಂಕವಾಗಿ ನಡೆದಿದೆ. ಆದರೆ ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಸ್ಟಾರ್ಟರಿನ ಹಗ್ಗ ಮತ್ತು ಸ್ಪ್ರಿಂಗು, ಎಣ್ಣೆಯ ಪಂಪು, ಕ್ಲಚ್ಚು, ಏರ್ ಫಿಲ್ಟರು, ಈ ಐದೂ ಬಿಡಿಭಾಗಗಳು ನಮ್ಮ ತಾಲ್ಲೂಕು ಕೇಂದ್ರದಲ್ಲಿ ಇವತ್ತು ಸಿಗುತ್ತವೆಯೇ, ರಿಪೇರಿ ಮಾಡುವವರು ಇದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ. ಅಂಗಡಿಯವರು ತರಿಸಿಕೊಡುತ್ತೇವೆ ಎಂದರೆ ಸಾಲದು, ಕಪಾಟಿನಿಂದ ತೆಗೆದು ತೋರಿಸಬೇಕು.

ಎರಡನೆಯದು ನಮ್ಮ ಅಗತ್ಯದ ಅಳತೆ. ನಾವು ಕೊಯ್ಯುವುದು ಏನನ್ನು? ಅಕೇಶಿಯಾ, ಗಾಳಿಗೆ ಬಿದ್ದ ಹಲಸು ಮಾವಿನ ಟೊಂಗೆ, ಒಣಗಿದ ಗೇರು, ಅಲ್ಲೊಂದು ಇಲ್ಲೊಂದು ಮತ್ತಿ ಮರದ ಕುಂಟೆ, ಎಂದರೆ ದಿಮ್ಮಿ. ಇವುಗಳಲ್ಲಿ ಬಹುಪಾಲು ಒಂದು ಅಡಿಗಿಂತ ಕಡಿಮೆ ದಪ್ಪದವು. ಇದಕ್ಕೆ 14 ಅಥವಾ 16 ಇಂಚಿನ ಬಾರ್ ಧಾರಾಳವಾಗಿ ಸಾಕು; ಅದಕ್ಕಿಂತ ದಪ್ಪನೆಯದು ಬಂದರೆ ಎರಡೂ ಕಡೆಯಿಂದ ಕೊಯ್ಯಬಹುದು. ಸ್ಟಿಲ್ ಕಂಪನಿಯ ಎಂಎಸ್ 180 ಮಾದರಿಯ ಎಂಜಿನ್ 31.8 ಸಿಸಿಯದು, ಹಸ್ಕ್‌ವಾರ್ನದ 120 ಮಾರ್ಕ್ 2 ಮಾದರಿಯದು ಸುಮಾರು 38 ಸಿಸಿ. ಮನೆಬಳಕೆಯ ಕಟ್ಟಿಗೆಗೆಂದೇ ರೂಪಿಸಿದ ಯಂತ್ರಗಳು ಈ ಅಳತೆಯಲ್ಲಿರುತ್ತವೆ ಎಂಬುದನ್ನು ತೋರಿಸಲು ಈ ಹೆಸರುಗಳನ್ನು ಹೇಳಿದೆನೇ ಹೊರತು ಇವನ್ನೇ ಕೊಳ್ಳಿ ಎಂದಲ್ಲ. 22 ಇಂಚಿನ ಬಾರ್ ಹೊತ್ತ ದೊಡ್ಡ ಯಂತ್ರ ಪೆಟ್ರೋಲ್, ಎಣ್ಣೆ ತುಂಬಿದ ಮೇಲೆ ಏಳೆಂಟು ಕಿಲೋ ತೂಗುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಗ್ಗಿ ಕುಂಟೆ ಕೊಯ್ಯುವಾಗ ಆ ತೂಕ ಸೊಂಟಕ್ಕೂ ಭುಜಕ್ಕೂ ತಿಳಿಯುತ್ತದೆ. ದಣಿದ ಕೈಯಲ್ಲಿ ಓಡುವ ಚೈನು ಎಷ್ಟು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಜಿನ್ನಿಗಿಂತ ಚೈನಿನ ಹರಿತವೇ ಮುಖ್ಯ ಎಂಬುದನ್ನು ನಾನು ತಡವಾಗಿ ಕಲಿತೆ. ಹರಿತವಾದ ಚೈನು ಮರದಿಂದ ಚಕ್ಕೆ ಚಕ್ಕೆಯಾಗಿ ಸಿಬರನ್ನು ಎಸೆಯುತ್ತದೆ, ಯಂತ್ರದ ತೂಕಕ್ಕೇ ತಾನಾಗಿ ಮರದೊಳಗೆ ಇಳಿಯುತ್ತದೆ. ಮೊಂಡಾದ ಚೈನು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಆಗ ನಾವು ಯಂತ್ರವನ್ನು ಒತ್ತುತ್ತೇವೆ, ಕ್ಲಚ್ಚು ಬಿಸಿಯಾಗುತ್ತದೆ, ಪೆಟ್ರೋಲ್ ಸುಡುತ್ತದೆ, ಯಂತ್ರಕ್ಕೆ ಶಕ್ತಿ ಸಾಲದು ಎಂದು ದೂರುತ್ತೇವೆ. ನನ್ನ ಪರಿಚಯದ ಎಷ್ಟೋ ಜನ ಇನ್ನೂ ದೊಡ್ಡ ಯಂತ್ರ ಬೇಕೆಂದು ಹೊರಟದ್ದು ಈ ಕಾರಣಕ್ಕೇ. ಅವರಿಗೆ ಬೇಕಾಗಿದ್ದದ್ದು ಚೈನು ಮಸೆಯುವ ಒಂದು ದುಂಡನೆಯ ಅರ ಮಾತ್ರ. ಚೈನಿನ ಅಳತೆಯನ್ನು ಪಿಚ್, ಎಂದರೆ ಕೊಂಡಿಗಳ ನಡುವಿನ ಸರಾಸರಿ ಅಂತರದಿಂದ ಹೇಳುತ್ತಾರೆ. ಸಣ್ಣ ಯಂತ್ರಗಳ ಮೂರೆಂಟಾಂಶ (3/8) ಇಂಚಿನ ತಗ್ಗು (ಲೋ ಪ್ರೊಫೈಲ್) ಚೈನಿಗೆ 4 ಮಿಲಿಮೀಟರಿನ ಅರ, 52 ಮತ್ತು 58 ಸಿಸಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಬರುವ .325 ಇಂಚಿನ ಚೈನಿಗೆ 4.8 ಮಿಲಿಮೀಟರಿನ ಅರ ಬೇಕು. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಪ್ರತಿ ಹಲ್ಲಿಗೂ ಒಂದೇ ಕೋನದಲ್ಲಿ, ಒಂದೇ ದಿಕ್ಕಿಗೆ ಎರಡು ಮೂರು ಸಲ ಅರ ಹಾಯಿಸಿದರೆ ಹರಿತ ಉಳಿಯುತ್ತದೆ. ಮಣ್ಣು ಮೆತ್ತಿದ ಕುಂಟೆಯನ್ನು ನೆಲದ ಮೇಲೆಯೇ ಇಟ್ಟು ಕೊಯ್ದರೆ ಮಾತ್ರ ಆ ಹರಿತವೆಲ್ಲ ಒಂದೇ ಗಳಿಗೆಯಲ್ಲಿ ಹೋಗುತ್ತದೆ. ಹೊಸ ಚೈನು ತರಲು ಹೋಗುವಾಗ ಪಿಚ್, ದಪ್ಪ, ಕೊಂಡಿಗಳ ಸಂಖ್ಯೆ ಈ ಮೂರನ್ನೂ ಬರೆದುಕೊಂಡು ಹೋಗಬೇಕು. ಬಾರಿನ ಉದ್ದದ ಇಂಚಿನ ಲೆಕ್ಕವೊಂದನ್ನೇ ಹೇಳಿ ತಂದ ಚೈನು ಕೂರದೆ ಹಿಂದಿರುಗಿದ ಉದಾಹರಣೆಗಳು ಬಹಳ.

ಪೆಟ್ರೋಲಿನ ವಿಷಯದಲ್ಲಿಯೂ ಈಗ ಎಚ್ಚರ ಬೇಕಾಗಿದೆ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾಗಿ, ಈಗ ಹೆಚ್ಚುಕಡಿಮೆ ಎಲ್ಲ ಬಂಕುಗಳಲ್ಲಿಯೂ ಅದೇ ಸಿಗುತ್ತಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ, ಕಾರ್ಬೊರೇಟರಿನೊಳಗಿನ ರಬ್ಬರಿನ ತೆಳು ಪೊರೆಗಳು ಕೆಡುತ್ತವೆ. ಆದ್ದರಿಂದ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಇವು ಟೂ ಸ್ಟ್ರೋಕ್ ಎಂಜಿನ್‌ಗಳಾದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. 50ಕ್ಕೆ 1 ಎಂದು ಪುಸ್ತಿಕೆಯಲ್ಲಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಅಂದಾಜಿನಲ್ಲಿ ಸುರಿಯುವ ಅಭ್ಯಾಸವೇ ಅನೇಕ ಪಿಸ್ಟನ್ನುಗಳನ್ನು ಹಾಳು ಮಾಡಿದೆ. ಹಳೆಯ ಯಂತ್ರ ಕೊಳ್ಳುವವರು ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ: ಸೈಲೆನ್ಸರ್ ಬಿಚ್ಚಿಸಿ, ಆ ಕಿಂಡಿಯಿಂದ ಟಾರ್ಚ್ ಹಿಡಿದು ಪಿಸ್ಟನ್ನನ್ನು ನೋಡಬೇಕು. ಉದ್ದಕ್ಕೂ ಗೀರುಗಳಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬರುವುದು ಲೇಸು. ನುಣುಪಾಗಿದ್ದು, ಹಗ್ಗ ಎಳೆದಾಗ ಗಟ್ಟಿಯಾಗಿ ಎದುರೆಳೆಯುತ್ತಿದ್ದರೆ, ಒಳ್ಳೆಯ ಕಂಪನಿಯ ಹಳೆಯ ಯಂತ್ರ ಹೊಸ ಅಗ್ಗದ ಯಂತ್ರಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಅಂಗಳದಲ್ಲಿಯೇ ತಂದು ಹಾಕಿದ ಕಟ್ಟಿಗೆ ಕೊಯ್ಯುವವರು ಕರೆಂಟಿನ ಚೈನ್ ಸಾ ಬಗ್ಗೆಯೂ ಯೋಚಿಸಬಹುದು. ಬೆಲೆ ಕಡಿಮೆ, ಪೆಟ್ರೋಲಿನ ರಗಳೆಯಿಲ್ಲ. ಆದರೆ 2000 ವಾಟಿನ ಯಂತ್ರ ಸುಮಾರು 9 ಆಂಪಿಯರ್ ಎಳೆಯುವುದರಿಂದ ದಪ್ಪ ತಂತಿ, ಪವರ್ ಪ್ಲಗ್ಗು ಬೇಕು. ವೋಲ್ಟೇಜ್ ಬೀಳುವ ಹಳ್ಳಿಗಳಲ್ಲಿ ಮೋಟಾರ್ ಸುಡಬಹುದು. ಒಂದೇ ಕೈಯಲ್ಲಿ ಹಿಡಿಯುವ ಬ್ಯಾಟರಿಯ ಪುಟ್ಟ ಗರಗಸಗಳು ಗಿಡ ಸವರಲು ಸರಿ, ಕಟ್ಟಿಗೆಗಲ್ಲ.

ಹಣ ಉಳಿಸಬಾರದ ಜಾಗ ಒಂದಿದೆ, ಅದು ಸುರಕ್ಷತೆ. ಬಾರಿನ ತುದಿಯ ಮೇಲ್ಭಾಗ ಇನ್ನೊಂದು ಕುಂಟೆಗೆ ತಾಗಿದರೆ ಯಂತ್ರ ಮುಖದ ಕಡೆಗೆ ಒದೆಯುತ್ತದೆ. ಆಗ ಮುಂದಿನ ಹಿಡಿಕೆಯ ಎದುರಿನ ಕೈಗಾಪು ತಳ್ಳಲ್ಪಟ್ಟು ಬ್ರೇಕು ಬಿದ್ದು ಚೈನು ಕೂಡಲೇ ನಿಲ್ಲಬೇಕು. ಅಂಗಡಿಯಲ್ಲಿಯೇ ಯಂತ್ರ ಓಡಿಸಿ ಈ ಬ್ರೇಕನ್ನು ತೋರಿಸಿ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ತೋರಿಸದ ಕಡೆ ಕೊಳ್ಳಬಾರದು. ನಮ್ಮಲ್ಲಿ ಪಂಚೆಯನ್ನು ಮೇಲಕ್ಕೆ ಕಟ್ಟಿ, ಹವಾಯಿ ಚಪ್ಪಲಿಯಲ್ಲಿಯೇ ಚೈನ್ ಸಾ ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಎದೆ ನಡುಗುತ್ತದೆ. ಚೈನು ತಾಗಿದೊಡನೆ ತನ್ನ ಎಳೆಗಳನ್ನು ಹೊರಚೆಲ್ಲಿ ಚೈನನ್ನು ಸಿಕ್ಕಿಸಿ ನಿಲ್ಲಿಸುವ ಕಾಲುಗಾಪು ಬಟ್ಟೆಗಳಿವೆ. ಅವುಗಳ ಹೆಸರನ್ನೇ ಕೇಳದ ಮಾರಾಟಗಾರರು ನಮ್ಮ ಪೇಟೆಗಳಲ್ಲಿದ್ದಾರೆ ಎಂಬುದು ಬೇಸರದ ಸಂಗತಿ.

ಕೃಷಿ ಇಲಾಖೆಗೂ ನಮ್ಮ ಸಹಕಾರ ಸಂಘಗಳಿಗೂ ಒಂದು ಮನವಿ. ವರ್ಷಕ್ಕೆ ಹದಿನೈದು ಇಪ್ಪತ್ತು ಗಂಟೆಯಷ್ಟೇ ಕೆಲಸವಿರುವ ನನ್ನಂಥವರಿಗೆ ಸ್ವಂತ ಯಂತ್ರವೇ ಬೇಕೆಂದಿಲ್ಲ. ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆಯ ಮಾದರಿಯಲ್ಲಿ, ಮಲೆನಾಡಿನ ಸೇವಾ ಸಹಕಾರ ಸಂಘಗಳು ಎರಡು ಮೂರು ಒಳ್ಳೆಯ ಸಣ್ಣ ಚೈನ್ ಸಾಗಳನ್ನು ಹೆಲ್ಮೆಟ್, ಕಾಲುಗಾಪುಗಳ ಸಮೇತ ಇಟ್ಟು ಬಾಡಿಗೆಗೆ ಕೊಡಲಿ. ಸಹಾಯಧನದಲ್ಲಿ ಯಂತ್ರ ಕೊಡುವುದಿದ್ದರೆ ಬಿಡಿಭಾಗಗಳ ಪೂರೈಕೆಯನ್ನೂ ಅರ ಹಾಕುವ ಅರ್ಧ ದಿನದ ತರಬೇತಿಯನ್ನೂ ಷರತ್ತಾಗಿ ಸೇರಿಸಲಿ. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಚೈನಿಗೆ ಅರ ಹಾಕುವ ಕ್ರಮವನ್ನು ಚಿತ್ರಗಳ ಸಹಿತ ಕೊಯ್ಲಿಗೆ ಮೊದಲೇ ಪ್ರಕಟಿಸಬೇಕೆಂದೂ ಕೋರುತ್ತೇನೆ.

ಒಬ್ಬ ಅಡಿಕೆ ಬೆಳೆಗಾರ,
ಸಾಗರ ತಾಲ್ಲೂಕು