ಷೇರು ಮಾರಿ ಸಚಿವರಾದವರು

ಮಾನ್ಯರೇ,

1953ರಲ್ಲಿ ಜನರಲ್ ಮೋಟರ್ಸ್ ಮುಖ್ಯಸ್ಥ ಚಾರ್ಲ್ಸ್ ವಿಲ್ಸನ್ ರಕ್ಷಣಾ ಸಚಿವ ಸ್ಥಾನಕ್ಕೆ ನಾಮನಿರ್ದೇಶನಗೊಂಡಾಗ ಅಮೆರಿಕದ ಸೆನೆಟ್ ಸಮಿತಿ ಪಟ್ಟು ಹಿಡಿಯಿತು. ಸೇನೆಗೆ ಸರಕು ಮಾರುವ ಕಂಪನಿಯ ಷೇರು ಕೈಯಲ್ಲಿಟ್ಟುಕೊಂಡು ಸೇನೆಯ ಖರೀದಿ ನಿರ್ಧರಿಸುವುದು ಹೇಗೆ? ಸುಮಾರು 25 ಲಕ್ಷ ಡಾಲರ್ ಬೆಲೆಯ ಷೇರುಗಳನ್ನು ಮಾರಲು ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. (ಯಾರಿಗೆ ತಾನೇ ಹೊಟ್ಟೆ ಉರಿಯದು!) 2017ರಲ್ಲಿ ತೈಲ ಕಂಪನಿ ಎಕ್ಸಾನ್ ಮೊಬಿಲ್‌ನ ಮುಖ್ಯಸ್ಥರಾಗಿದ್ದ ರೆಕ್ಸ್ ಟಿಲ್ಲರ್ಸನ್ ವಿದೇಶಾಂಗ ಸಚಿವರಾಗಲು ಕಂಪನಿಯ ನಂಟು ಕಡಿದುಕೊಂಡರೂ 43 ಸೆನೆಟರ್‌ಗಳು ಅವರ ವಿರುದ್ಧ ಮತ ಹಾಕಿದರು.

ನಮ್ಮಲ್ಲಿ ಸಚಿವರ ನೇಮಕಕ್ಕೆ ಸದನದ ಒಪ್ಪಿಗೆ ಬೇಕಿಲ್ಲ. ಸಚಿವರ ನೀತಿಸಂಹಿತೆಯ ಪ್ರಕಾರ ಆಸ್ತಿ, ವ್ಯವಹಾರದ ವಿವರ ಪ್ರಧಾನಿಗೋ ಮುಖ್ಯಮಂತ್ರಿಗೋ ಸಲ್ಲಿಕೆಯಾಗುತ್ತದೆ. ಆ ಪಟ್ಟಿಯನ್ನು, ಖಾತೆ ಹಂಚಿಕೆಗೆ ಮೊದಲೇ, ಸದನದ ಮುಂದೆಯೂ ಇಡಲಿ.

– ಓದುಗ, ಶಿವಮೊಗ್ಗ